ತಂಬಾಕು ಇಲ್ಲದ ಅಡಿಕೆ ಪ್ಯಾಕೆಟ್ ತಿಂದರೂ ಬಾಯಿ ಬಿಗಿಯುತ್ತದಾ?

ಸಾಗರದ ಅಕ್ಕ
ನನ್ನ ತಮ್ಮನಿಗೆ ಈಗ 26. ಶಿವಮೊಗ್ಗದಲ್ಲಿ ಕೆಲಸ. ಕಾಲೇಜಿನಿಂದಲೂ ಅಡಿಕೆ ಪ್ಯಾಕೆಟ್ ಜಗಿಯುತ್ತಾನೆ. ಪಾನ್ ಮಸಾಲ ಜಾಸ್ತಿ, ಕೆಲವೊಮ್ಮೆ ಬರೀ ಸ್ವೀಟ್ ಸುಪಾರಿ. ಗುಟ್ಕಾ ಮುಟ್ಟಿಲ್ಲ, ಸಿಗರೇಟ್ ಇಲ್ಲ, ಕುಡಿಯುವುದೂ ಇಲ್ಲ. ಹಬ್ಬಕ್ಕೆ ಮನೆಗೆ ಬಂದಾಗ ಸಾರನ್ನ ತಿನ್ನಲೂ ಒದ್ದಾಡುತ್ತಿದ್ದ, ಬಾಯೆಲ್ಲ ಉರಿ ಅಂತ. ಹೋಳಿಗೆಯನ್ನೂ ಚೂರು ಚೂರು ಮಾಡಿಕೊಂಡೇ ತಿಂದ, ಬಾಯಿ ಪೂರ್ತಿ ತೆರೆಯುತ್ತಿಲ್ಲವಂತೆ. ಕೇಳಿದರೆ "ಇದರಲ್ಲಿ ತಂಬಾಕೇ ಇಲ್ಲ ಅಕ್ಕ, ನೋಡು ಪ್ಯಾಕೆಟ್ ಮೇಲೆ ಬರೆದಿದೆ" ಅನ್ನುತ್ತಾನೆ. ನಮ್ಮ ಅಪ್ಪ ನಲವತ್ತು ವರ್ಷದಿಂದ ಎಲೆ ಅಡಿಕೆ ಹಾಕುತ್ತಾರೆ, ಅವರಿಗೆ ಏನೂ ಆಗಿಲ್ಲ. ನಮ್ಮದೇ ಅಡಿಕೆ ತೋಟ ಬೇರೆ. ಹಾಗಾಗಿ ಮನೆಯಲ್ಲಿ ಯಾರೂ ಇದನ್ನು ದೊಡ್ಡದು ಮಾಡುತ್ತಿಲ್ಲ. ಉಷ್ಣ ಆಗಿದೆ, ಮಜ್ಜಿಗೆ ಕುಡಿ ಅಂತಾರೆ. ಯಾರಾದರೂ ತಿಳಿದವರು ಹೇಳಿ, ಬರೀ ಅಡಿಕೆಯಿಂದ ಹೀಗಾಗುತ್ತದಾ?

ದಾವಣಗೆರೆ ಹಲ್ಲು ಡಾಕ್ಟರ್
ಅಕ್ಕ, ಆಗುತ್ತದೆ. ಮಜ್ಜಿಗೆ ಕೊಟ್ಟುಕೊಂಡು ಕಾಯಬೇಡಿ, ಈ ವಾರವೇ ಅವರನ್ನು ಬಾಯಿ ನೋಡುವ ಡಾಕ್ಟರ ಹತ್ತಿರ ಕಳಿಸಿ.

ನೀವು ಹೇಳಿದ ಲಕ್ಷಣಗಳು ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುವ ಕಾಯಿಲೆಯ ಹಾಗಿವೆ. ನೋಡದೆ ಖಚಿತ ಹೇಳುವುದಿಲ್ಲ. ಆದರೆ ಖಾರ ತಡೆಯದಿರುವುದು ಮತ್ತು ಬಾಯಿ ತೆರೆಯುವುದು ಕಡಿಮೆ ಆಗುವುದು, ಇವೆರಡೂ ಅಡಿಕೆ ತಿನ್ನುವ ಹುಡುಗನಲ್ಲಿ ಒಟ್ಟಿಗೆ ಕಂಡರೆ ನಾವು ಮೊದಲು ಯೋಚಿಸುವುದು ಇದನ್ನೇ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಅವರದೇ ಕೈಯ ಮೂರು ಬೆರಳು, ತೋರುಬೆರಳು ಮಧ್ಯದ ಬೆರಳು ಉಂಗುರದ ಬೆರಳು, ಒಂದರ ಮೇಲೊಂದು ನೆಟ್ಟಗೆ ಜೋಡಿಸಿ ಮೇಲಿನ ಕೆಳಗಿನ ಮುಂಹಲ್ಲುಗಳ ನಡುವೆ ಹಿಡಿಸಬೇಕು. ಹಿಡಿಸದಿದ್ದರೆ ಬಾಯಿ ಬಿಗಿದಿದೆ ಅಂತಲೇ ಅರ್ಥ. ಆಮೇಲೆ ಟಾರ್ಚ್ ಹಾಕಿ ಕೆನ್ನೆಯ ಒಳಭಾಗ ನೋಡಿ. ನಸುಗೆಂಪು ಇರಬೇಕಾದ ಜಾಗ ಬಿಳಿಚಿಕೊಂಡಿದೆಯಾ, ಬೆರಳಲ್ಲಿ ಒತ್ತಿದರೆ ಒಳಗೆ ಹುರಿ ಹಾಗೆ ಗಟ್ಟಿ ಪಟ್ಟಿ ಸಿಗುತ್ತದಾ ಅಂತ.

ಯಾಕೆ ಹೀಗಾಗುತ್ತದೆ ಅಂದರೆ, ಅಡಿಕೆಯಲ್ಲಿ ಅರೆಕೋಲಿನ್ ಅನ್ನುವ ಅಂಶ ಇದೆ. ಅದು ಕೆನ್ನೆಯ ಚರ್ಮದ ಕೆಳಗೆ ಕೊಲಾಜನ್ ನಾರು ಜಾಸ್ತಿ ಹುಟ್ಟುವ ಹಾಗೆ ಮಾಡುತ್ತದೆ. ಅಡಿಕೆಯಲ್ಲಿ ತಾಮ್ರವೂ ಇದೆ, ಅದು ಆ ನಾರುಗಳನ್ನು ಒಂದಕ್ಕೊಂದು ಬೆಸೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಇನ್ನು ಅಡಿಕೆಯ ಒಗರು ಇದೆಯಲ್ಲ, ಆ ಟ್ಯಾನಿನ್, ಅದು ನಾರು ಕರಗದ ಹಾಗೆ ಹಿಡಿದಿಡುತ್ತದೆ. ತೊಗಲು ಹದ ಮಾಡುವವರು ಟ್ಯಾನಿನ್ ಹಾಕಿ ತೊಗಲನ್ನು ಗಟ್ಟಿ ಮಾಡುತ್ತಾರಲ್ಲ, ಹೆಚ್ಚು ಕಡಿಮೆ ಹಾಗೇ. ಈ ಮೂರೂ ಅಡಿಕೆಯ ಒಳಗೇ ಇವೆ. ತಂಬಾಕು ಇರಲೇಬೇಕು ಅಂತಿಲ್ಲ.

ಈ ಕಾಯಿಲೆಯನ್ನು ಮೊದಲು ಬರೆದಿಟ್ಟದ್ದು 1952ರಲ್ಲಿ, ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಭಾರತೀಯ ಹೆಂಗಸರಲ್ಲಿ. ಆಗ ಕಾರಣ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಇದು ಬಂದವರಲ್ಲಿ ಒಂದು ಪಾಲು ಜನಕ್ಕೆ ಮುಂದೆ ಬಾಯಿ ಕ್ಯಾನ್ಸರ್ ಬರುತ್ತದೆ. ಎರ್ನಾಕುಲಂನಲ್ಲಿ ಹದಿನೇಳು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ ಅದು ಶೇ 7.6 ಇತ್ತು. ಎಲ್ಲರಿಗೂ ಬರುತ್ತದೆ ಅಂತ ಹೆದರಿಸುತ್ತಿಲ್ಲ. ಆದರೆ 26ರ ಹುಡುಗನ ಮುಂದೆ ಎಷ್ಟು ವರ್ಷ ಇದೆ ಯೋಚಿಸಿ.

ಕೊಪ್ಪದ ತೋಟದವ
ಡಾಕ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ. ಇದನ್ನು ಓದಿದಾಗ ನಮಗೆ ಹೊಟ್ಟೆ ಉರಿಯುತ್ತದೆ. ನಮ್ಮ ಅಜ್ಜ ತಿಂದರು, ಅವರ ಅಪ್ಪ ತಿಂದರು. ಮದುವೆಗೆ, ಪೂಜೆಗೆ, ಬಾಗಿನಕ್ಕೆ ಅಡಿಕೆ ಇಲ್ಲದೆ ಆಗುತ್ತದಾ? ಆಯುರ್ವೇದದಲ್ಲಿ ಪೂಗ ಅಂತ ಔಷಧಿಗೆ ಬಳಸುತ್ತಾರೆ. ನಾಯಿಗೆ ಹುಳದ ಮದ್ದು ಮಾಡಿದ್ದೂ ಇದರಿಂದಲೇ. ತಂಬಾಕು ಕಂಪನಿ ಮಾಡಿದ ಪಾಪವನ್ನು ಅಡಿಕೆ ಬೆಳೆಗಾರನ ತಲೆಗೆ ಕಟ್ಟುತ್ತಿದ್ದಾರೆ ಅಂತ ನಮ್ಮ ಅನುಮಾನ. ಸಮೀಕ್ಷೆ ಮಾಡುವಾಗ ಗುಟ್ಕಾ ತಿನ್ನುವವನನ್ನೂ ಎಲೆ ಅಡಿಕೆ ಹಾಕುವವನನ್ನೂ ಒಂದೇ ಬುಟ್ಟಿಗೆ ಹಾಕಿದರೆ ಏನು ಸಿಗುತ್ತದೆ? ಈ ಕಡೆ ಹಳದಿ ಎಲೆ ರೋಗದಿಂದ ತೋಟಕ್ಕೆ ತೋಟವೇ ಹೋಗಿದೆ, ಮೇಲಿಂದ ಎಲೆಚುಕ್ಕಿ. ಅದರ ಮೇಲೆ ಪ್ರತಿ ವರ್ಷ ಅಡಿಕೆ ನಿಷೇಧ ಆಗುತ್ತಂತೆ ಅನ್ನುವ ಸುದ್ದಿ ಎಬ್ಬಿಸಿ ರೇಟು ಇಳಿಸುತ್ತಾರೆ. ನಮ್ಮ ಕಷ್ಟ ಯಾರು ಕೇಳುತ್ತಾರೆ?

ದಾವಣಗೆರೆ ಹಲ್ಲು ಡಾಕ್ಟರ್
@ಕೊಪ್ಪದ ತೋಟದವ ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ ಅಣ್ಣ. ನನ್ನ ಹೆಂಡತಿಯ ಮನೆಯವರದ್ದೂ ಚನ್ನಗಿರಿಯಲ್ಲಿ ಅಡಿಕೆಯೇ. ಒಂದೇ ಬುಟ್ಟಿಗೆ ಹಾಕಿದರು ಅನ್ನುವ ಮಾತು ಒಂದು ಕಾಲಕ್ಕೆ ಸರಿ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 1985ರಲ್ಲಿ ಹೇಳಿದ್ದು ತಂಬಾಕು ಸೇರಿಸಿದ ಎಲೆ ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ಮಾತ್ರ. ತಂಬಾಕು ಇಲ್ಲದ್ದರ ಬಗ್ಗೆ ಆಗ ಸಾಕ್ಷ್ಯ ಸಾಲದಿತ್ತು. 2003ರಲ್ಲಿ ಮತ್ತೆ ಕೂತು ಬೇರೆ ಬೇರೆ ಮಾಡಿ ನೋಡಿದರು. 2004ರಲ್ಲಿ ಪುಸ್ತಕ ಬಂತು. ಅದರಲ್ಲಿ ತಂಬಾಕು ಇಲ್ಲದ ಎಲೆ ಅಡಿಕೆಯನ್ನೂ, ಬರೀ ಅಡಿಕೆಯನ್ನೂ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದ ಗುಂಪಿಗೆ ಸೇರಿಸಿದರು. ತಂಬಾಕು ಹಾಕದೆ ಅಡಿಕೆ ತಿನ್ನುವ ಊರುಗಳ ಲೆಕ್ಕ ಸಿಕ್ಕಿದ್ದರಿಂದಲೇ ಅದು ಸಾಧ್ಯವಾಯಿತು. ತೈವಾನ್ ಅದರಲ್ಲಿ ಮುಖ್ಯ.

ನಾಯಿಯ ಹುಳದ ಮದ್ದಿನ ಮಾತೂ ನಿಜ. ಆ ಮದ್ದಿನಲ್ಲಿ ಕೆಲಸ ಮಾಡುತ್ತಿದ್ದದ್ದು ಇದೇ ಅರೆಕೋಲಿನ್. ಒಂದು ಡೋಸ್ ಮದ್ದು ಬೇರೆ, ದಿನವಿಡೀ ಕೆನ್ನೆಯಲ್ಲಿ ಇಟ್ಟುಕೊಳ್ಳುವುದು ಬೇರೆ ಅಲ್ವಾ?

ತೈವಾನಿನಿಂದ ಮಂಡ್ಯದವ
ತೈವಾನ್ ಹೆಸರು ಬಂತು ಅಂತ ಬರೆಯುತ್ತಿದ್ದೇನೆ. ನಾನು ಇಲ್ಲಿ ಕೆಲಸಕ್ಕೆ ಇದ್ದೇನೆ. ಇಲ್ಲಿ ಅಡಿಕೆಗೆ ಬಿನ್‌ಲಾಂಗ್ ಅಂತಾರೆ. ನಮ್ಮ ಹಾಗೆ ಒಣಗಿಸಿ ಬೇಯಿಸಿ ತಿನ್ನುವುದಿಲ್ಲ. ಎಳೆ ಹಸಿರು ಕಾಯಿ, ಅದನ್ನು ಸೀಳಿ ಸುಣ್ಣ ಸವರಿ, ಇಲ್ಲಾ ವೀಳ್ಯದೆಲೆ ಸುತ್ತಿ ಹಾಗೇ ಜಗಿಯುತ್ತಾರೆ. ತಂಬಾಕು ಹಾಕುವುದೇ ಇಲ್ಲ. ಸಿಗರೇಟು ಸೇದುವವರು ತುಂಬಾ ಇದ್ದಾರೆ, ಅದು ಬೇರೆ ಮಾತು. ಹೆದ್ದಾರಿ ಪಕ್ಕ ಗಾಜಿನ ಚಿಕ್ಕ ಅಂಗಡಿಗಳಲ್ಲಿ ಮಾರುತ್ತಾರೆ. ಗಿರಾಕಿಗಳು ಹೆಚ್ಚಾಗಿ ಲಾರಿ ಡ್ರೈವರ್‌ಗಳು, ಕಟ್ಟಡ ಕೆಲಸದವರು, ನಿದ್ದೆ ತಡೆಯಬೇಕಾದವರು. ಗಂಡಸರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇಲ್ಲಿ ಬಾಯಿ ಕ್ಯಾನ್ಸರ್ ಮುಂದಿನ ಸಾಲಿನಲ್ಲೇ ಇದೆ.

ನನಗೆ ಮೆಚ್ಚುಗೆ ಆದದ್ದು ಸರಕಾರ ಮಾಡಿದ ಕೆಲಸ. ಡಿಸೆಂಬರ್ 3 ಇಲ್ಲಿ ಅಡಿಕೆ ತಡೆ ದಿನ. ಅಡಿಕೆ ಅಥವಾ ಸಿಗರೇಟು ಚಟ ಇರುವ 30 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಬಾಯಿ ತಪಾಸಣೆ ಉಚಿತ. ಅಡಿಕೆ ತೆಗೆದು ಬೇರೆ ಬೆಳೆ ಹಾಕುವ ರೈತರಿಗೆ ಸಹಾಯಧನ ಇದೆ. 2007ರಲ್ಲಿ ಗಂಡಸರಲ್ಲಿ ಶೇ 17ರಷ್ಟು ಜನ ಜಗಿಯುತ್ತಿದ್ದರು, 2018ರ ಹೊತ್ತಿಗೆ ಶೇ 6ರ ಆಸುಪಾಸಿಗೆ ಬಂತು. ಬೆಳೆಗಾರರನ್ನು ಬೈಯದೆ ಇದನ್ನು ಮಾಡಲು ಆಗುತ್ತದೆ.

ಶಿರಸಿ ಅತ್ತಿಗೆ
ನಮ್ಮ ಕಡೆ ಕವಳ, ಅಂದರೆ ಎಲೆ ಅಡಿಕೆ, ಹಾಕದ ಹಿರಿಯರೇ ಇಲ್ಲ. ಊಟ ಆಯ್ತು ಕವಳ, ಚಾ ಆಯ್ತು ಕವಳ, ಯಾರಾದರೂ ಬಂದರು ಕವಳದ ತಬಕು ಮುಂದಿಡು. ನನ್ನ ಅತ್ತೆ ರಾತ್ರಿ ಮಲಗುವಾಗಲೂ ಒಂದು ಚೂರು ದವಡೆಯಲ್ಲಿ ಇಟ್ಟುಕೊಂಡೇ ಮಲಗುತ್ತಾರೆ. ಹೊಗೆಸೊಪ್ಪು ಬಿಟ್ಟು ಬಹಳ ವರ್ಷ ಆಯಿತು, ಅಡಿಕೆ ಬಿಟ್ಟಿಲ್ಲ. ಡಾಕ್ಟ್ರು ಪ್ಯಾಕೆಟ್ ಬಗ್ಗೆ ಹೇಳಿದಿರಿ, ಕವಳಕ್ಕೂ ಅದೇ ಮಾತಾ? ಅಕ್ಕ ಕೇಳಿದ್ದೂ ಅದೇ ಅಲ್ವಾ, ಅಪ್ಪನಿಗೆ ಆಗದ್ದು ಮಗನಿಗೆ ಯಾಕಾಯ್ತು ಅಂತ. ಇನ್ನೊಂದು, ನಮ್ಮಲ್ಲಿ ಬೇಯಿಸಿದ ಕೆಂಪಡಿಕೆ ತಿನ್ನುವವರು ಬಿಸಿಲಲ್ಲಿ ಒಣಗಿಸಿದ ಚಾಲಿ ಅಡಿಕೆಗಿಂತ ಇದು ಒಳ್ಳೆಯದು, ಬೇಯಿಸಿದಾಗ ಸೊಕ್ಕು ಹೋಗುತ್ತದೆ ಅಂತಾರೆ.

ದಾವಣಗೆರೆ ಹಲ್ಲು ಡಾಕ್ಟರ್
ಒಳ್ಳೆಯ ಪ್ರಶ್ನೆ ಅತ್ತಿಗೆ. ಬೇಯಿಸಿದರೆ ಅರೆಕೋಲಿನ್ ಸ್ವಲ್ಪ ಇಳಿಯುತ್ತದೆ, ಹೋಗುವುದಿಲ್ಲ.

ಕವಳಕ್ಕೂ ಪ್ಯಾಕೆಟ್ಟಿಗೂ ವ್ಯತ್ಯಾಸ ಇದೆ. ಕವಳದಲ್ಲಿ ಎಲೆಯ ಪಾಲು ದೊಡ್ಡದು, ಎಲೆಯಲ್ಲಿ ಒಳ್ಳೆಯ ಅಂಶಗಳೂ ಇವೆ. ರಸ ಉಗುಳುತ್ತಾರೆ. ಸಂಚಿ ಬಿಚ್ಚಿ, ಅಡಿಕೆ ಹೋಳು ಮಾಡಿ, ಸುಣ್ಣ ಸವರಿ ಹಾಕಿಕೊಳ್ಳುವಷ್ಟರಲ್ಲಿ ಹೊತ್ತು ಹೋಗುತ್ತದೆ, ಹಾಗಾಗಿ ದಿನಕ್ಕೆ ಇಷ್ಟೇ ಅಂತ ಒಂದು ಮಿತಿ ತಾನಾಗೇ ಬರುತ್ತದೆ. ಪ್ಯಾಕೆಟ್ಟಿನಲ್ಲಿ ಎಲೆಯೇ ಇಲ್ಲ. ಒಣ ಅಡಿಕೆ ಚೂರು, ಕಾಚು, ಸುಣ್ಣ, ಪರಿಮಳ ಅಷ್ಟೇ. ತೂಕಕ್ಕೆ ತೂಕ ನೋಡಿದರೆ ಅಡಿಕೆ ಜಾಸ್ತಿ. ಜೇಬಿನಲ್ಲಿ ಇರುತ್ತದೆ, ಹರಿದು ಬಾಯಿಗೆ ಸುರಿದುಕೊಂಡರೆ ಮುಗೀತು, ರಸ ನುಂಗುತ್ತಾರೆ. ಅದಕ್ಕೇ ಪ್ಯಾಕೆಟ್ ತಿನ್ನುವ ಹುಡುಗರಲ್ಲಿ ಕೆಲವೇ ವರ್ಷದಲ್ಲಿ ಬಾಯಿ ಬಿಗಿಯುತ್ತದೆ, ಎಲೆ ಅಡಿಕೆಯವರಲ್ಲಿ ಅದಕ್ಕೆ ಹೆಚ್ಚು ಕಾಲ ಹಿಡಿಯುತ್ತದೆ.

ಆದರೆ ಇದರಿಂದ ಕವಳ ಒಳ್ಳೆಯದು ಅಂತ ಆಗುವುದಿಲ್ಲ. ಕ್ಯಾನ್ಸರ್ ಪಟ್ಟಿಯಲ್ಲಿ ಎರಡೂ ಇವೆ. ಒಬ್ಬರಿಗೆ ನಲವತ್ತು ವರ್ಷ ಏನೂ ಆಗಲಿಲ್ಲ ಅನ್ನುವುದು ಅವರ ಪುಣ್ಯ, ಅದು ಮಗನಿಗೆ ಗ್ಯಾರಂಟಿ ಅಲ್ಲ. ನಿಮ್ಮ ಅತ್ತೆಯವರಿಗೆ ಒಂದು ಮಾತು ಖಂಡಿತ ಹೇಳಿ, ಬಾಯಲ್ಲಿ ಇಟ್ಟುಕೊಂಡು ಮಲಗುವುದನ್ನು ಇವತ್ತೇ ಬಿಡಲಿ. ಆರೇಳು ಗಂಟೆ ಒಂದೇ ಜಾಗಕ್ಕೆ ಅಡಿಕೆ ಸುಣ್ಣ ತಾಗಿಕೊಂಡೇ ಇರುತ್ತದೆ. ಸಾಮಾನ್ಯವಾಗಿ ಹುಣ್ಣು, ಬಿಳಿ ಮಚ್ಚೆ ಕಾಣುವುದೂ ಇಟ್ಟುಕೊಳ್ಳುವ ಆ ಜಾಗದಲ್ಲೇ.

ತುಮಕೂರು ನರ್ಸ್
ಬಾಯಿ ಬಿಟ್ಟು ಬೇರೆ ತೊಂದರೆಗಳನ್ನೂ ಹೇಳಲೇಬೇಕು. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳು ನಾನು. ಬಸುರಿಯರಿಗೆ ವಾಂತಿ ಬರುತ್ತದೆ ಅಂತ ಮನೆಯವರೇ ಅಡಿಕೆ ಕೊಡುತ್ತಾರೆ. ಬಸುರಿನಲ್ಲಿ ಅಡಿಕೆ ತಿಂದವರ ಮಕ್ಕಳು ಕಡಿಮೆ ತೂಕಕ್ಕೆ ಹುಟ್ಟುವುದು ಜಾಸ್ತಿ ಅಂತ ಬೇರೆ ಬೇರೆ ದೇಶಗಳಲ್ಲಿ ಕಂಡಿದೆ. ದಯವಿಟ್ಟು ಕೊಡಬೇಡಿ. ವಾಂತಿಗೆ ಬೇರೆ ದಾರಿ ಇವೆ, ನಮ್ಮನ್ನು ಕೇಳಿ.

ಹೊಸದಾಗಿ ತಿಂದವರಿಗೆ ಅಡಿಕೆ ಸೊಕ್ಕುತ್ತದಲ್ಲ, ಬೆವರು, ಎದೆ ಡವಡವ, ತಲೆ ತಿರುಗು, ಅದು ಅರೆಕೋಲಿನ್ ನರಗಳ ಮೇಲೆ ಮಾಡುವ ಕೆಲಸ. ಆಸ್ತಮಾ ಇದ್ದವರಿಗೆ ಇದರಿಂದ ಉಸಿರಾಟ ಇನ್ನೂ ಬಿಗಿಯಾಗಬಹುದು. ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಜಾಸ್ತಿ ಅಡಿಕೆ ತಿಂದಾಗ ಕೈಕಾಲು ಬಿಗಿತ, ನಡುಕ ಹೆಚ್ಚಾದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ಆ ಮಾತ್ರೆ ಕೊಡುವ ಡಾಕ್ಟರಿಗೆ ಅಡಿಕೆ ವಿಷಯ ಹೇಳಿ. ಅವರು ಬೀಡಿ, ಕುಡಿತ ಕೇಳುತ್ತಾರೆ, ಅಡಿಕೆ ಕೇಳುವುದಿಲ್ಲ. ನೀವೂ ಹೇಳುವುದಿಲ್ಲ, ಯಾಕೆಂದರೆ ನಮ್ಮಲ್ಲಿ ಯಾರೂ ಅಡಿಕೆಯನ್ನು ಚಟ ಅಂತ ಲೆಕ್ಕಕ್ಕೇ ಇಟ್ಟಿಲ್ಲ.

ಹುಬ್ಬಳ್ಳಿ ರಾತ್ರಿ ಡ್ರೈವರ್
ಅಕ್ಕ, ನಿಮ್ಮ ತಮ್ಮನಿಗೆ ಇದನ್ನು ಓದಿಸಿ. ನಾನು ರಾತ್ರಿ ಗಾಡಿ ಓಡಿಸುವವ, ನಿದ್ದೆ ಬರಬಾರದು ಅಂತ ಶುರು ಮಾಡಿದ್ದು ಅಡಿಕೆ. ಬರಬರುತ್ತಾ ಬಾಯಿ ಖಾಲಿ ಇದ್ದರೆ ಕೈ ತಾನಾಗೇ ಜೇಬಿಗೆ ಹೋಗುತ್ತಿತ್ತು. ಬಿಟ್ಟ ಮೊದಮೊದಲು ತಲೆನೋವು, ಯಾರು ಮಾತಾಡಿಸಿದರೂ ಸಿಟ್ಟು, ಏನೋ ಕಳಕೊಂಡ ಹಾಗೆ. ಅದು ಬಂದೇ ಬರುತ್ತದೆ, ಅದಕ್ಕೆ ಹೆದರಿ ಮತ್ತೆ ಹಾಕಿಕೊಳ್ಳಬಾರದು, ಕಡಿಮೆ ಆಗುತ್ತದೆ. ನನಗೆ ಅನುಕೂಲ ಆದದ್ದು ಏನೆಂದರೆ ಬಾಯಿಗೆ ಬೇರೆ ಏನಾದರೂ ಕೊಟ್ಟದ್ದು. ಸೋಂಪು, ಲವಂಗ, ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ ಚೂರು. ಎರಡನೆಯದು, ಚಾ ಕುಡಿದ ತಕ್ಷಣ ಪ್ಯಾಕೆಟ್ ಹರಿಯುವ ಅಭ್ಯಾಸ ಇತ್ತು, ಹಾಗಾಗಿ ಆ ಅಂಗಡಿಗೇ ಹೋಗುವುದು ನಿಲ್ಲಿಸಿ ಚಾ ಫ್ಲಾಸ್ಕಿನಲ್ಲಿ ಮನೆಯಿಂದ ತಂದೆ. ಮೂರನೆಯದು ಜೊತೆಗಾರರಿಗೆ ಬಾಯಿಬಿಟ್ಟು ಹೇಳಿದ್ದು, ನನಗೆ ಕೊಡಬೇಡಿ ಅಂತ. ಅವರು ಕೊಡಲಿಲ್ಲ. ಗೆಳೆಯರು ನಾವು ಅಂದುಕೊಂಡಷ್ಟು ಕೆಟ್ಟವರಲ್ಲ.

ಬೈದರೆ ಬಿಡುವುದಿಲ್ಲ ಅಕ್ಕ, ಕದ್ದು ತಿನ್ನುತ್ತಾನೆ.

ಬಳ್ಳಾರಿ ಗೆಳೆಯ
ಬಿಡಲು ಸಹಾಯ ಬೇಕಿದ್ದರೆ ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ ಇದೆ, 1800 11 2356, ದುಡ್ಡಿಲ್ಲ. ದಕ್ಷಿಣದವರಿಗೆ ನಿಮ್ಹಾನ್ಸ್‌ನಿಂದ ಮಾತಾಡುತ್ತಾರೆ, ಕನ್ನಡದಲ್ಲೂ. ಅದು ತಂಬಾಕಿನವರಿಗೆ ಅಂತ ಮಾಡಿದ್ದು, ಆದರೂ ಪಾನ್ ಮಸಾಲ ಚಟದವರು ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಹಾವೇರಿ ಮೇಷ್ಟ್ರು
ಶಾಲೆ ಮುಂದಿನ ಅಂಗಡಿಯಲ್ಲಿ ಸ್ವೀಟ್ ಸುಪಾರಿ ಮಾಲೆ ನೇತು ಹಾಕಿರುತ್ತಾರೆ, ಚಾಕೊಲೇಟ್ ಪಕ್ಕದಲ್ಲೇ. ಐದನೇ ಕ್ಲಾಸಿನ ಮಕ್ಕಳು ಕೊಂಡು ತಿನ್ನುತ್ತಾರೆ. ಅಂಗಡಿಯವನಿಗೆ ಕೇಳಿದರೆ "ಸಾರ್ ಇದು ತಂಬಾಕಲ್ಲ" ಅಂದ. ಕಾನೂನು ನೋಡಿದರೆ ಅವನು ಹೇಳಿದ್ದು ನಿಜ. 2003ರ ತಂಬಾಕು ಕಾಯ್ದೆ ಶಾಲೆಯ ಹತ್ತಿರ ತಂಬಾಕು ಪದಾರ್ಥ ಮಾರಬಾರದು ಅನ್ನುತ್ತದೆ, ತಂಬಾಕು ಇಲ್ಲದ ಸುಪಾರಿ ಅದರಲ್ಲಿ ಬರುವುದಿಲ್ಲ. ನಮ್ಮ ರಾಜ್ಯ 2013ರಲ್ಲಿ ಗುಟ್ಕಾ ನಿಷೇಧಿಸಿತು, ಆಮೇಲೆ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಯಿತು, ಕೊಳ್ಳುವವನು ಬಾಯಲ್ಲಿ ಸೇರಿಸಿಕೊಳ್ಳುತ್ತಾನೆ. ಸುಪಾರಿ ಪ್ಯಾಕೆಟ್ ಮೇಲೂ ಆರೋಗ್ಯಕ್ಕೆ ಹಾನಿಕರ ಅಂತ ಎಚ್ಚರಿಕೆ ಇರಲೇಬೇಕು. ಹತ್ತು ವರ್ಷದ ಮಗು ಅದನ್ನು ಓದಿ ಬಿಡುತ್ತದಾ? ಅದರಲ್ಲಿ ಸಕ್ಕರೆ ಇದೆ, ಪರಿಮಳ ಇದೆ. ಚಟ ಅಲ್ಲಿಂದಲೇ ಹತ್ತುತ್ತದೆ. ನನಗೆ ಇಡೀ ಚರ್ಚೆಯಲ್ಲಿ ಜಾಸ್ತಿ ಸಂಕಟ ಆಗುವುದು ಇದೊಂದಕ್ಕೆ.

ಕೊಪ್ಪದ ತೋಟದವ
ಮೇಷ್ಟ್ರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಮಕ್ಕಳಿಗೆ ಮಾರುವುದನ್ನು ನಿಲ್ಲಿಸಿದರೆ ಯಾವ ಬೆಳೆಗಾರನೂ ಬೇಡ ಅನ್ನುವುದಿಲ್ಲ.

ಉಳಿದದ್ದಕ್ಕೆ ನನ್ನ ತಕರಾರು ಹೀಗಿದೆ. ಅಡಿಕೆ ಬಿಡಿ ಅಂತ ಹೇಳುವುದು ಸುಲಭ, ಮಲೆನಾಡಿನ ಈ ಇಳಿಜಾರಿನಲ್ಲಿ ಬೇರೆ ಏನು ಹಾಕಲಿ? ಕಾಳುಮೆಣಸು, ಏಲಕ್ಕಿ, ಕಾಫಿ ಅಡಿಕೆ ಮರದ ನೆರಳಿನಲ್ಲೇ ಬದುಕುವುದು. ಬಯಲುಸೀಮೆಯಲ್ಲಿ ಭತ್ತದ ಗದ್ದೆ ಕಿತ್ತು ಕೊಳವೆಬಾವಿ ಕೊರೆದು ಅಡಿಕೆ ಹಾಕುತ್ತಿದ್ದಾರಲ್ಲ, ಅದನ್ನಾದರೂ ಯಾರಾದರೂ ತಡೆದರೇ? ತಿನ್ನುವುದಕ್ಕೆ ಬಿಟ್ಟು ಬೇರೆ ಉಪಯೋಗ ಹುಡುಕಿ ಅಂತ ನಾವೂ ಕೇಳುತ್ತಿದ್ದೇವೆ. ಹೆಗ್ಗೋಡಿನ ಕಡೆ ಚರಕ ಅನ್ನುವ ಕೈಮಗ್ಗದ ಸಂಸ್ಥೆಯವರು ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನಿಂದ ಸೀರೆಗೆ, ಜುಬ್ಬಕ್ಕೆ ಬಣ್ಣ ಹಾಕುತ್ತಾರೆ, ಚೆಂದ ಇರುತ್ತದೆ. ಆದರೆ ಇಡೀ ಜಿಲ್ಲೆಯ ಬೆಳೆ ಬಣ್ಣಕ್ಕೆ ಹೋಗುವುದಿಲ್ಲವಲ್ಲ. ಆರೋಗ್ಯದ ಮಾತಾಡುವವರು ಈ ಪ್ರಶ್ನೆಯನ್ನೂ ಜೊತೆಗೇ ಹೊರಬೇಕು. ಇಲ್ಲದಿದ್ದರೆ ಊರಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ.

ತೈವಾನಿನಿಂದ ಮಂಡ್ಯದವ
ಒಪ್ಪಿದೆ ಅಣ್ಣ. ಇಲ್ಲಿ ಸಹಾಯಧನ ಇದ್ದರೂ ತೋಟ ತೆಗೆಯುವುದು ನಿಧಾನವೇ. ಮೊದಲು ತಿನ್ನುವವರು ಕಡಿಮೆ ಆದರು.

ಸಾಗರದ ಅಕ್ಕ
ಎಲ್ಲರಿಗೂ ತುಂಬಾ ಧನ್ಯವಾದ. ತಮ್ಮನನ್ನು ತೋರಿಸಿದೆವು. ಎರಡು ಬೆರಳು ಸಲೀಸಾಗಿ ಹಿಡಿಸುತ್ತದೆ, ಮೂರನೆಯದು ಇಲ್ಲ. ಡಾಕ್ಟರು ಸಬ್‌ಮ್ಯೂಕಸ್ ಫೈಬ್ರೋಸಿಸ್ಸೇ ಅಂದರು, ಇನ್ನೂ ಮುಂದುವರಿದ ಹಂತ ಅಲ್ಲವಂತೆ. ಮಾತ್ರೆ ಕೊಟ್ಟಿದ್ದಾರೆ, ಕೆನ್ನೆಗೆ ಇಂಜೆಕ್ಷನ್ ಬೇಕಾಗಬಹುದು ಅಂದಿದ್ದಾರೆ, ಐಸ್‌ಕ್ರೀಂ ಕಡ್ಡಿ ಜೋಡಿಸಿ ಬಾಯಿ ತೆರೆಯುವ ವ್ಯಾಯಾಮ ಹೇಳಿದ್ದಾರೆ. ಅವನು ಹೆದರಿದ್ದಾನೆ. ಪ್ಯಾಕೆಟ್ ಎಲ್ಲ ಎಸೆದ. ಅಪ್ಪನೂ ಸುಮ್ಮನೆ ಕೂತು ಎಲ್ಲ ಕೇಳಿಸಿಕೊಂಡರು. ಇದು ಮೊದಲಿನ ಹಾಗೆ ಆಗುತ್ತದಾ ಡಾಕ್ಟ್ರೇ?

ದಾವಣಗೆರೆ ಹಲ್ಲು ಡಾಕ್ಟರ್
ಅಕ್ಕ, ನೇರವಾಗಿ ಹೇಳುತ್ತೇನೆ. ಒಮ್ಮೆ ಕಟ್ಟಿದ ನಾರು ಪೂರ್ತಿ ಕರಗುವುದಿಲ್ಲ. ಆದರೆ ಅಡಿಕೆ ನಿಲ್ಲಿಸಿದರೆ ಮುಂದೆ ಬಿಗಿಯುವುದು ನಿಲ್ಲುತ್ತದೆ ಅಥವಾ ತುಂಬಾ ನಿಧಾನವಾಗುತ್ತದೆ. ಉರಿ ಕಡಿಮೆ ಆಗುತ್ತದೆ. ವ್ಯಾಯಾಮ ಬಿಡದೆ ಮಾಡಿದರೆ ಬಾಯಿ ಸ್ವಲ್ಪ ಸಡಿಲವಾಗುತ್ತದೆ. ಕ್ಯಾನ್ಸರ್ ಅಪಾಯವೂ ಇಳಿಯುತ್ತದೆ. ತೀರಾ ಬಿಗಿದವರಿಗೆ ಆಪರೇಷನ್ ಮಾಡಿ ಪಟ್ಟಿ ಬಿಡಿಸಬೇಕಾಗುತ್ತದೆ, ನಿಮ್ಮ ತಮ್ಮ ಆ ಹಂತಕ್ಕೆ ಹೋಗಿಲ್ಲ. ಅಡಿಕೆ ಬಿಡದೆ ಬರೀ ಇಂಜೆಕ್ಷನ್ ತೆಗೆದುಕೊಂಡರೆ ದುಡ್ಡು ದಂಡ, ಇದನ್ನು ಅವರಿಗೆ ಒತ್ತಿ ಹೇಳಿ. ಬಿಟ್ಟ ಮೇಲೂ ಡಾಕ್ಟರು ಕರೆದಾಗಲೆಲ್ಲ ತೋರಿಸುತ್ತಿರಬೇಕು, ಎಷ್ಟೇ ವರ್ಷ ಆಗಲಿ. ನಡುವೆ ಬಾಯಲ್ಲಿ ಯಾವುದಾದರೂ ಹುಣ್ಣು ಎರಡು ವಾರಕ್ಕೂ ಮಾಯದಿದ್ದರೆ, ನೋವಿಲ್ಲದಿದ್ದರೂ ಸರಿ, ಕಾಯಬೇಡಿ. ಮೊದಮೊದಲು ಬಾಯಿ ಕ್ಯಾನ್ಸರ್ ಹೆಚ್ಚಾಗಿ ನೋಯುವುದಿಲ್ಲ. ಅದಕ್ಕೇ ನಮ್ಮ ಜನ ತಡ ಮಾಡಿ ಬರುತ್ತಾರೆ.

2022ರಲ್ಲಿ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಯಿಂದ ಜಗತ್ತಿನಲ್ಲಿ ಸುಮಾರು 1.2 ಲಕ್ಷ ಜನಕ್ಕೆ ಬಾಯಿ ಕ್ಯಾನ್ಸರ್ ಬಂತು ಅಂತ ಐಎಆರ್‌ಸಿ ಲೆಕ್ಕ ಹಾಕಿದೆ. ಅದರಲ್ಲಿ 83 ಸಾವಿರ ನಮ್ಮ ದೇಶದವರು. ಹೆಚ್ಚಿನದು ತಡೆಯಬಹುದಾಗಿತ್ತು, ಅದೇ ನನಗೆ ನುಂಗಲಾಗದ ಮಾತು.

ಕೊಪ್ಪದ ತೋಟದವ
ಡಾಕ್ಟ್ರೇ, ನಮ್ಮ ಸೊಸೈಟಿ ಸಭೆ ಮುಂದಿನ ತಿಂಗಳು ಇದೆ. ಅದರ ಜೊತೆಗೆ ಒಂದು ಬಾಯಿ ತಪಾಸಣೆ ಇಡಬಹುದಾ ಅಂತ ಅಧ್ಯಕ್ಷರನ್ನು ಕೇಳಿದೆ. ಕ್ಯಾನ್ಸರ್ ಅಂತ ಬೋರ್ಡ್ ಹಾಕಿದರೆ ಯಾರೂ ಬರುವುದಿಲ್ಲ, ಹಲ್ಲಿನ ಕ್ಯಾಂಪ್ ಅನ್ನೋಣ ಅಂದರು. ನೀವು ಬರುತ್ತೀರಾ?

ದಾವಣಗೆರೆ ಹಲ್ಲು ಡಾಕ್ಟರ್
ಖಂಡಿತ ಬರುತ್ತೇನೆ ಅಣ್ಣ. ಬೋರ್ಡ್ ಮೇಲೆ ಏನು ಬೇಕಾದರೂ ಬರೆಯಿರಿ. ಒಂದೇ ಬೇಡಿಕೆ, ಸದಸ್ಯರನ್ನು ಮಾತ್ರ ಕರೆಯಬೇಡಿ. ಅಡಿಕೆ ಗೊನೆ ಕೊಯ್ಯುವವರು, ರಾತ್ರಿಯೆಲ್ಲ ಕೂತು ಅಡಿಕೆ ಸುಲಿಯುವ ಹೆಂಗಸರು, ಅವರೆಲ್ಲ ಬರಬೇಕು. ಎಲ್ಲರಿಗಿಂತ ಜಾಸ್ತಿ ಜಗಿಯುವವರು ಅವರೇ, ಆಸ್ಪತ್ರೆಗೆ ಎಲ್ಲರಿಗಿಂತ ಕೊನೆಗೆ ಬರುವವರೂ ಅವರೇ. ಅವರ ಅವತ್ತಿನ ಕೂಲಿ ತಪ್ಪದ ಹಾಗೆ ಸೊಸೈಟಿ ನೋಡಿಕೊಂಡರೆ ಬರುತ್ತಾರೆ. ತಾರೀಕು ತಿಳಿಸಿ.